ಅಂಗೈಯಗಲದ ರಾವುತರು: ಮುಮ್ಮಡಿ ಕೃಷ್ಣರಾಜ ಒಡೆಯರ ಬಣ್ಣದ ಸೇನೆ

ಅಂಗೈಯೊಳಗೆ ಅಡಗುವಷ್ಟು ಪುಟ್ಟದಾದ ದುಂಡನೆಯ ಎಲೆ. ಅದರ ಮೇಲೆ ಮುಂಗಾಲನ್ನೆತ್ತಿ ನಿಂತ ಕುದುರೆ, ಕುದುರೆಯ ಮೇಲೆ ಪೇಟ ಧರಿಸಿದ ಸವಾರ, ಅಂಚಿನಲ್ಲಿ ಬಣ್ಣದ ಬಳ್ಳಿ. ಗಂಜೀಫಾ ಎಂದು ಹೆಸರಾದ ಚಿತ್ರಿತ ಆಟದೆಲೆಗಳಲ್ಲಿ ಮಂತ್ರಿಯನ್ನು ಹೀಗೆ ಕುದುರೆಯೇರಿದವನಾಗಿ ಬರೆಯುವುದು ಬಹುಕಾಲದ ವಾಡಿಕೆ. ಈ ಕಿರುಚಿತ್ರ ಕಲೆಗೆ ಕನ್ನಡ ನಾಡಿನಲ್ಲಿ ಅತ್ಯಂತ ವಿಸ್ತಾರವಾದ ರೂಪವನ್ನು ಕೊಟ್ಟವರು ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು.

1799ರಿಂದ 1868ರವರೆಗೆ, ಸುಮಾರು 69 ವರ್ಷಗಳ ಕಾಲ, ಅವರು ಮೈಸೂರಿನ ಸಿಂಹಾಸನದ ಒಡೆಯರಾಗಿದ್ದರು. ಆದರೆ ರಾಜ್ಯದ ಅಧಿಕಾರ ಅವರ ಕೈಯಲ್ಲಿದ್ದದ್ದು ಇಪ್ಪತ್ತು ವರ್ಷ ಮಾತ್ರ. ಬದುಕಿನ ಕೊನೆಯ 37 ವರ್ಷಗಳಲ್ಲಿ ಅವರಿಗೆ ಅರಮನೆಯಿತ್ತು, ಪರಿವಾರವಿತ್ತು. ಆಳಲು ನಾಡಿರಲಿಲ್ಲ, ನಡೆಸಲು ಸೇನೆಯಿರಲಿಲ್ಲ. ಆ ದಶಕಗಳಲ್ಲಿಯೇ ಅವರ ಆಸ್ಥಾನದ ಕಲಾವಿದರ ಕುಂಚದಿಂದ ಸಾವಿರಾರು ಕಿರುರೂಪಗಳು ಮೂಡಿದವು. ಕಳೆದುಕೊಂಡದ್ದನ್ನು ಮರೆಯಲು ಹುಡುಕಿಕೊಂಡ ವಿನೋದ ಇದು ಎಂದು ಹೇಳಿದವರುಂಟು. ಅವರ ಜೀವನವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಈ ತೀರ್ಮಾನ ಅಷ್ಟು ಸುಲಭವಲ್ಲ ಎನಿಸುತ್ತದೆ.

ಕಲ್ಲಿನ ರಾವುತನಿಂದ ಎಲೆಯ ರಾವುತನವರೆಗೆ

ಕುದುರೆಯೇರಿದ ವೀರನ ಚಿತ್ರ ಕನ್ನಡಿಗರಿಗೆ ಹೊಸದಲ್ಲ. ಯುರೋಪಿನ ಮಧ್ಯಯುಗಕ್ಕೆ ಕಬ್ಬಿಣದ ಕವಚ ತೊಟ್ಟ ನೈಟ್ ಹೇಗೋ, ಕನ್ನಡ ನಾಡಿನ ಮಧ್ಯಯುಗಕ್ಕೆ ರಾವುತ ಹಾಗೆ. ಹಾವೇರಿ ಸಮೀಪದ ಗುತ್ತಲವು 12 ಮತ್ತು 13ನೆಯ ಶತಮಾನಗಳಲ್ಲಿ ಗುತ್ತವೊಳಲ್ ಎಂಬ ಹೆಸರಿನಿಂದ ಗುತ್ತ ಮನೆತನದ ರಾಜಧಾನಿಯಾಗಿತ್ತು. ಮೊದಲು ಕಲ್ಯಾಣದ ಚಾಲುಕ್ಯರಿಗೆ, ಆಮೇಲೆ ಸೇವುಣರಿಗೆ ಮಾಂಡಲಿಕರಾಗಿದ್ದ ಗುತ್ತರು ತಮ್ಮನ್ನು ಉಜ್ಜಯಿನಿಯ ಪುರವರಾಧೀಶ್ವರರೆಂದು ಕರೆದುಕೊಂಡವರು. ಅಂಥ ಸಣ್ಣ ದೊಡ್ಡ ಮನೆತನಗಳು ಕಾದಾಡಿದ ಈ ಸೀಮೆಯಲ್ಲಿ, ಹಾವೇರಿಯಿಂದ ಶಿವಮೊಗ್ಗದವರೆಗೆ, ವೀರಗಲ್ಲುಗಳು ಊರೂರಿನಲ್ಲಿ ಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ಹೋರಾಟದ ಪಟ್ಟಿಕೆಯಲ್ಲಿ ಕುದುರೆ ಸವಾರರು ಗೇಣುದ್ದವೂ ಇರದ ಪುಟ್ಟ ರೂಪಗಳಾಗಿ ಸಾಲುಗಟ್ಟಿ ಬರುತ್ತಾರೆ.

ಕಲ್ಲಿನಲ್ಲಿ ಸಾವಿನ ನೆನಪಾಗಿದ್ದ ಈ ಸವಾರ, ಆಟದೆಲೆಯ ಮೇಲೆ ಬಣ್ಣ ತಳೆದು ಬಂದದ್ದು ಮೊಗಲರ ಕಾಲದಲ್ಲಿ. ಬಾಬರನು 1527ರಲ್ಲಿ ಸಿಂಧ್ ಪ್ರಾಂತ್ಯದ ತನ್ನ ಮಿತ್ರನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟ ಸಂಗತಿ ಅವನ ಆತ್ಮಕಥೆಯಲ್ಲಿ ದಾಖಲಾಗಿದೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿಯಲ್ಲಿ ಹನ್ನೆರಡು ವರ್ಗಗಳ, 144 ಎಲೆಗಳ ಕಟ್ಟೊಂದನ್ನು ವರ್ಣಿಸಿದ್ದಾನೆ. ಅದರ ಮೊದಲ ವರ್ಗ ಅಶ್ವಪತಿಯದು. ಛತ್ರ, ಪತಾಕೆಗಳೊಡನೆ ಕುದುರೆಯೇರಿದ ಅರಸನದು. ಅದರ ನಂತರ ಗಜಪತಿ, ನರಪತಿ ಮೊದಲಾದವರು. ಆನೆ, ಕುದುರೆ, ಕಾಲಾಳು, ಕೋಟೆ ಎಂಬ ಮಧ್ಯಯುಗದ ರಾಜಬಲದ ಲೆಕ್ಕವೆಲ್ಲ ಆಟದ ಎಲೆಗಳಲ್ಲಿ ಅಡಕವಾಗಿತ್ತು.

ಮುಂದೆ ಎರಡು ಬಗೆಯ ಕಟ್ಟುಗಳು ಭಾರತದಲ್ಲಿ ಹೆಚ್ಚು ಬಳಕೆಗೆ ಬಂದವು. ಒಂದು, ಎಂಟು ವರ್ಗಗಳ 96 ಎಲೆಗಳ ಮೊಗಲ್ ಗಂಜೀಫಾ. ಇನ್ನೊಂದು, ಹತ್ತು ವರ್ಗಗಳ 120 ಎಲೆಗಳ ದಶಾವತಾರ ಗಂಜೀಫಾ. ಎರಡರಲ್ಲಿಯೂ ಪ್ರತಿ ವರ್ಗಕ್ಕೆ ಅಂಕೆಯ ಎಲೆ ಹತ್ತು, ಚಿತ್ರದ ಎಲೆ ಎರಡು: ರಾಜ ಮತ್ತು ಮಂತ್ರಿ. ದಶಾವತಾರದ ಆಟದಲ್ಲಿ ಹಗಲಾದರೆ ರಾಮನ ಎಲೆ ಹಿಡಿದವನೂ ಇರುಳಾದರೆ ಕೃಷ್ಣನ ಎಲೆ ಹಿಡಿದವನೂ ಆಟವನ್ನು ಆರಂಭಿಸಬೇಕು. ಐದು ವರ್ಗಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದು ದೊಡ್ಡದು. ಕೈಗೆ ಬಂದ ಎಲೆಗಳಷ್ಟೇ ಅಲ್ಲದೆ ಬಿದ್ದುಹೋದ ಎಲೆಗಳನ್ನೂ ನೆನಪಿಡಬೇಕಾದ ಆಟ ಇದು.

ಸೆರೆಯ ನೆರಳಿನಿಂದ ಸಿಂಹಾಸನಕ್ಕೆ

ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿ. ಆಗ ನಾಡಿನ ಅಧಿಕಾರ ಟಿಪ್ಪು ಸುಲ್ತಾನನ ಕೈಯಲ್ಲಿತ್ತು, ರಾಜಮನೆತನ ಕಾವಲಿನಲ್ಲಿತ್ತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1796ರಲ್ಲಿ, ತಂದೆ ತೀರಿಕೊಂಡರು. ಆ ಬಳಿಕ ಟಿಪ್ಪು ಯಾರನ್ನೂ ಗದ್ದುಗೆಗೆ ಏರಿಸಲಿಲ್ಲ.

ಅದೇ ಊರಿನ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಬೃಹತ್ ಚಿತ್ರವಿದೆ. ಬ್ರಿಟಿಷರ ಚೌಕಾಕಾರದ ವ್ಯೂಹವನ್ನು ಮೈಸೂರಿನ ಅಶ್ವದಳ ಸುತ್ತುವರಿದ ದೃಶ್ಯ ಅದು. ನೂರಾರು ಕುದುರೆಗಳು, ನೂರಾರು ಸವಾರರು ಅಲ್ಲಿ ಪುಟ್ಟ ಪುಟ್ಟ ರೂಪಗಳಾಗಿ ಗೋಡೆಯನ್ನು ತುಂಬಿದ್ದಾರೆ. ಸೇನೆಯೊಂದನ್ನು ಚಿತ್ರದಲ್ಲಿ ಹಿಡಿದಿಡುವ ಕಲೆ ಮೈಸೂರು ಸೀಮೆಗೆ ಎಷ್ಟು ಪರಿಚಿತವಾಗಿತ್ತು ಎಂಬುದಕ್ಕೆ ಆ ಗೋಡೆಯೇ ಸಾಕ್ಷಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ದಶಕಗಳಿಂದ ನಡೆಸಿದ್ದ ರಾಜಕೀಯ ಪ್ರಯತ್ನ ಆಗ ಫಲ ಕೊಟ್ಟಿತು. ಜೂನ್ 30ರಂದು, ಇನ್ನೂ ಐದು ವರ್ಷ ತುಂಬದ ಬಾಲಕನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಹಳೆಯ ಅರಮನೆ ಉಳಿದಿರದ ಕಾರಣ ಆ ಮಹೋತ್ಸವ ನಡೆದದ್ದು ತಾತ್ಕಾಲಿಕ ಚಪ್ಪರದಲ್ಲಿ. ಎಂಟು ದಿನಗಳ ಬಳಿಕ, ಜುಲೈ 8ರಂದು, ಸಹಾಯಕ ಸೈನ್ಯದ ಒಪ್ಪಂದಕ್ಕೆ ಅಂಕಿತ ಬಿದ್ದಿತು. ವರ್ಷಕ್ಕೆ ಏಳು ಲಕ್ಷ ನಕ್ಷತ್ರ ವರಹಗಳನ್ನು ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ತೆರಬೇಕು. ರಕ್ಷಣೆಯ ಹೊಣೆ ಕಂಪನಿಯದು. ಆಡಳಿತ ಕೆಟ್ಟಿತೆಂದು ಕಂಡುಬಂದರೆ ರಾಜ್ಯವನ್ನು ತಾನೇ ವಹಿಸಿಕೊಳ್ಳುವ ಅಧಿಕಾರವನ್ನೂ ಕಂಪನಿ ಅದರಲ್ಲಿ ಇಟ್ಟುಕೊಂಡಿತು. ಬಾಲರಾಜನ ಪಾಲಿಗೆ ಸಿಂಹಾಸನವೂ ಅದಕ್ಕೆ ಕಟ್ಟಿದ ಉರುಲೂ ಒಟ್ಟಿಗೇ ಬಂದವು.

ನಿಜವಾದ ಕುದುರೆಗಳ ಕಾಲ

ದಿವಾನ್ ಪೂರ್ಣಯ್ಯನವರು ಸುಮಾರು ಹನ್ನೆರಡು ವರ್ಷ ರಾಜ್ಯವನ್ನು ನಡೆಸಿದರು. 1807ರಲ್ಲಿ ಕಂಪನಿಯೊಡನೆ ಆದ ಪೂರಕ ಒಪ್ಪಂದದ ಪ್ರಕಾರ ಮೈಸೂರು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕಾಯಿತು. ಸಿಲ್ಲೇದಾರ್ ದಳವೆಂದು ಹೆಸರಾದ ಈ ಪಡೆಯಲ್ಲಿ ಸವಾರನು ತನ್ನ ಸ್ವಂತ ಕುದುರೆ, ಸ್ವಂತ ಆಯುಧಗಳೊಡನೆ ಚಾಕರಿಗೆ ಸೇರುತ್ತಿದ್ದನು. ಆಧುನಿಕ ಕವಾಯತಿನ ದಳಗಳು ಬಂದ ಮೇಲೂ ಉಳಿದುಕೊಂಡಿದ್ದ ಹಳೆಯ ಕಾಲದ ರಾವುತ ಪದ್ಧತಿ ಇದು. 1817-18ರ ಪಿಂಡಾರಿ ಮತ್ತು ಮರಾಠಾ ಯುದ್ಧಗಳಲ್ಲಿ ಮೈಸೂರಿನ ಸಿಲ್ಲೇದಾರರು ಕಂಪನಿಯ ಪರವಾಗಿ ಬಹುದೂರದವರೆಗೆ ದಂಡೆತ್ತಿ ಹೋದರು.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಂಡರು. ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟು, 1812ರಲ್ಲಿ ನಿಧನರಾದರು. ಹದಿನಾರು ಹದಿನೇಳರ ವಯಸ್ಸಿನಲ್ಲಿ ರಾಜ್ಯಭಾರ ಹೊತ್ತ ಕೃಷ್ಣರಾಜರು ಧಾರಾಳ ಸ್ವಭಾವದವರು. ದಾನ, ದೇವಾಲಯ, ವಿದ್ವಾಂಸರ ಸನ್ಮಾನಕ್ಕೆ ಬೊಕ್ಕಸ ತೆರೆದುಕೊಂಡಿತು. ಕೆಂಪುನಾರಾಯಣನ ಮುದ್ರಾಮಂಜೂಷ ಎಂಬ ಕನ್ನಡ ಗದ್ಯಕೃತಿ ಹೊರಬಂದದ್ದು 1823ರಲ್ಲಿ, ಇವರ ಆಶ್ರಯದಲ್ಲಿ. ಚಾಮುಂಡಿ ಬೆಟ್ಟದ ದೇವಾಲಯದ ಗೋಪುರ 1827ರಲ್ಲಿ, ಮೈಸೂರು ಕೋಟೆಯೊಳಗಿನ ಪ್ರಸನ್ನಕೃಷ್ಣಸ್ವಾಮಿ ದೇವಾಲಯ 1829ರಲ್ಲಿ ಸಿದ್ಧವಾದವು.

ಆದರೆ ಕಂದಾಯದ ವ್ಯವಸ್ಥೆ ಸಡಿಲವಾಯಿತು, ಸಾಲ ಬೆಳೆಯಿತು. ಗುತ್ತಿಗೆದಾರರ ಕಿರುಕುಳದಿಂದ ರೈತರು ನೊಂದರು. 1830ರಲ್ಲಿ ನಗರ ಸೀಮೆಯಲ್ಲಿ ದಂಗೆ ಎದ್ದಿತು. ಕೆಳದಿಯ ಅರಸರ ವಾರಸುದಾರ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪ ನಾಯಕನು ಮುಂದಾಳಾದನು. ದಂಗೆಯನ್ನು ಅಡಗಿಸಲು ಕಂಪನಿಯ ಸೈನ್ಯವೇ ಬರಬೇಕಾಯಿತು. 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು 1799ರ ಒಪ್ಪಂದದ ಷರತ್ತನ್ನು ಮುಂದಿಟ್ಟು ರಾಜ್ಯದ ಆಡಳಿತವನ್ನು ವಹಿಸಿಕೊಂಡನು. ಆ ಒಪ್ಪಂದದಂತೆ ಅರಸರಿಗೆ ಉಳಿದದ್ದು ವರ್ಷಕ್ಕೆ ಒಂದು ಲಕ್ಷ ನಕ್ಷತ್ರ ವರಹ ಮತ್ತು ನಿವ್ವಳ ಆದಾಯದ ಐದನೆಯ ಒಂದು ಪಾಲು. ಆಗ ಅವರಿಗೆ 37 ವರ್ಷ. ಮುಂದೆ ಬದುಕಲಿದ್ದ ವರ್ಷಗಳೂ ಸುಮಾರು ಅಷ್ಟೇ.

ಬೆಂಟಿಂಕನು 1834ರಲ್ಲಿ ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಲಂಡನ್ನಿಗೆ ಸೂಚಿಸಿದನು. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಅದೇ ವರ್ಷ ಕಮಿಷನರ್ ಆದ ಮಾರ್ಕ್ ಕಬ್ಬನ್ 1861ರವರೆಗೂ ಆ ಹುದ್ದೆಯಲ್ಲಿದ್ದನು. ಬೆಂಗಳೂರು ಆಡಳಿತದ ಕೇಂದ್ರವಾಯಿತು. ಮೈಸೂರು ಅರಮನೆಯ ಊರಾಗಿ ಉಳಿಯಿತು.

ಕೌತುಕದ ಭಂಡಾರ

ಅರಮನೆಯ ಊರಾಗಿ ಉಳಿದ ಮೈಸೂರಿನಲ್ಲಿ ಕೃಷ್ಣರಾಜರು ಕಟ್ಟಿದ್ದು ಬೇರೊಂದು ರಾಜ್ಯವನ್ನು. ಅದರ ಮುಖ್ಯ ಗ್ರಂಥ ಶ್ರೀತತ್ತ್ವನಿಧಿ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳಾಗಿ ಹರಡಿಕೊಂಡ ಈ ಸಚಿತ್ರ ಸಂಗ್ರಹದಲ್ಲಿ ದೇವತೆಗಳ ಧ್ಯಾನಶ್ಲೋಕ, ಬಣ್ಣ, ಆಯುಧ, ವಾಹನಗಳ ವಿವರ ಚಿತ್ರಸಹಿತವಾಗಿದೆ. ಕೊನೆಯದಾದ ಕೌತುಕನಿಧಿಯ ವಸ್ತು ಲೋಕವಿನೋದ. ಅದರಲ್ಲಿನ 122 ಯೋಗಾಸನಗಳ ಚಿತ್ರಗಳನ್ನು ನಾರ್ಮನ್ ಸ್ಯೋಮನ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಬಳಿಕ ಆ ಗ್ರಂಥದ ಹೆಸರು ಜಗತ್ತಿನ ಯೋಗಾಸಕ್ತರಿಗೆಲ್ಲ ತಿಳಿಯಿತು. ಆಟದೆಲೆಗಳ ವಿವರ ಇರುವುದೂ ಅದೇ ನಿಧಿಯಲ್ಲಿ.

ಕೃಷ್ಣರಾಜರು ತಮ್ಮ ಆಟಗಳಿಗೆ ಛದ ಎಂದು ಹೆಸರಿಟ್ಟರು. ಸಂಸ್ಕೃತದಲ್ಲಿ ಆ ಪದಕ್ಕೆ ಎಲೆ ಎಂಬ ಅರ್ಥವಿದೆ. ಚಾಮುಂಡೇಶ್ವರಿ, ನವಗ್ರಹ, ಪಂಚಪಾಂಡವ, ದಿಕ್ಪಾಲ ಎಂದು ಮೊದಲಾಗಿ ಒಂದೊಂದು ಛದಕ್ಕೆ ಒಂದೊಂದು ದೇವತಾಪರಿವಾರ. ಅತ್ಯಂತ ಚಿಕ್ಕ ಕಟ್ಟಿನಲ್ಲಿ 36 ಎಲೆಗಳಿದ್ದರೆ, ದೊಡ್ಡ ಕಟ್ಟು 360 ಎಲೆಗಳವರೆಗೆ ಬೆಳೆಯಿತು. ಸಾಮಾನ್ಯ ಗಂಜೀಫಾದಲ್ಲಿ ಒಂದು ವರ್ಗಕ್ಕೆ ಹತ್ತು ಅಂಕೆಯ ಎಲೆ, ಎರಡು ಚಿತ್ರದೆಲೆ ಇದ್ದರೆ, ಮೈಸೂರಿನ ಛದದಲ್ಲಿ ಹನ್ನೆರಡು ಅಂಕೆಯ ಎಲೆ, ಆರು ಚಿತ್ರದೆಲೆ. ಕೆಲವು ಕಟ್ಟುಗಳಲ್ಲಿ ವರ್ಗಗಳೇ ಹದಿನೆಂಟು. ಈ ಲೆಕ್ಕ ಹಿಡಿದರೆ ಅಂಥ ಒಂದು ಕಟ್ಟಿಗೆ 108 ಚಿತ್ರರೂಪಗಳನ್ನು, ಒಂದರಂತೆ ಇನ್ನೊಂದಿಲ್ಲದ ಹಾಗೆ, ಬರೆಯಬೇಕಾಗುತ್ತದೆ. ದಶಾವತಾರದ ಕಟ್ಟಿನಲ್ಲಿ ಇಂಥ ರೂಪಗಳು ಇಪ್ಪತ್ತು ಮಾತ್ರ.

ಚಿತ್ರದೆಲೆಗಳನ್ನು ಎರಡರಿಂದ ಆರಕ್ಕೆ ಏರಿಸಿದ್ದರಲ್ಲಿ ಅರಸರ ಮನೋಧರ್ಮ ಕಾಣುತ್ತದೆ. ರಾಜ ಮತ್ತು ಮಂತ್ರಿ ಇಬ್ಬರೇ ಇದ್ದ ಕಡೆ ಒಂದು ಪೂರ್ಣ ಪರಿವಾರ ಸೇರಿಕೊಂಡಿತು. ಆಡಳಿತದಲ್ಲಿ ಒಂದೊಂದಾಗಿ ಕೈತಪ್ಪಿದ ಆಸ್ಥಾನದ ಅಂಗಗಳು ಎಲೆಗಳ ಮೇಲೆ ಒಂದೊಂದಾಗಿ ಬಂದು ಕುಳಿತಂತೆ ತೋರುತ್ತದೆ.

ಕುಂಚದ ತುದಿಯ ಕೆಲಸ

ವಿಜಯನಗರದ ಪತನಾನಂತರ ಚಿತ್ರಗಾರರ ಮನೆತನಗಳು ಹಲವು ದಿಕ್ಕಿಗೆ ಚದುರಿದವು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ರಾಜಧಾನಿ ಮಾಡಿಕೊಂಡಾಗ ಅಂಥ ಕೆಲವರಿಗೆ ಅಲ್ಲಿ ಆಶ್ರಯ ದೊರೆಯಿತೆಂಬುದು ಮೈಸೂರು ಚಿತ್ರಕಲೆಯ ಪರಂಪರೆ ಹೇಳುವ ಮಾತು. ಆ ಪರಂಪರೆ ತನ್ನ ಪ್ರೌಢಾವಸ್ಥೆಯನ್ನು ಕಂಡದ್ದು ಮುಮ್ಮಡಿಯವರ ಕಾಲದಲ್ಲಿ.

ಕಾಗದದ ಪದರಗಳನ್ನು ಅಂಟಿಸಿ, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿದ ಹಲಗೆಯಂಥ ತಳ ಈ ಕಲೆಗೆ ಆಧಾರ. ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ರೇಖೆ. ಅಳಿಲಿನ ರೋಮದಿಂದ ಕಟ್ಟಿದ ಕುಂಚ ಸೂಕ್ಷ್ಮ ಕೆಲಸಕ್ಕೆ. ಎಲೆ, ಹೂವು, ಖನಿಜಗಳಿಂದ ಬಣ್ಣ. ಮೈಸೂರು ಶೈಲಿಯಲ್ಲಿ ಮೊದಲು ಹಿನ್ನೆಲೆಯನ್ನು ಮುಗಿಸಿ, ಆಮೇಲೆ ಪ್ರಾಣಿ ಮತ್ತು ಮನುಷ್ಯ ರೂಪಗಳನ್ನು ತುಂಬಿ, ಕೊನೆಗೆ ಮುಖ, ಉಡುಗೆ, ಆಭರಣಗಳಿಗೆ ಬರುವುದು ಕ್ರಮ. ಚಿನ್ನದ ರೇಕು ಹಚ್ಚುವ ಕಡೆ ಸಫೇದು ಮತ್ತು ಅಂಟಿನ ಲೇಪದಿಂದ ತುಸುವೇ ಉಬ್ಬು ಕೊಡುತ್ತಾರೆ.

ಭಾರತದ ಗಂಜೀಫಾ ಎಲೆಗಳ ಅಗಲ ಎರಡು ಸೆಂಟಿಮೀಟರಿನಿಂದ ಹನ್ನೆರಡು ಸೆಂಟಿಮೀಟರಿನವರೆಗೆ ಇರುವುದುಂಟು. ಅಷ್ಟು ಜಾಗದಲ್ಲಿ ಕುದುರೆಯ ಮೈಕಟ್ಟು, ಜೀನು, ಕಡಿವಾಣ, ಸವಾರನ ಅಂಗಿಯ ಮಡಿಕೆ, ಕತ್ತಿಯ ಹಿಡಿ, ಕಣ್ಣಿನ ನೋಟ ಎಲ್ಲವೂ ಬರಬೇಕು. ದೊಡ್ಡ ಚಿತ್ರದಲ್ಲಿ ತಪ್ಪಿದ ಗೆರೆಯನ್ನು ಮುಚ್ಚಲು ಜಾಗವಿದೆ. ಇಲ್ಲಿ ಒಂದು ರೋಮದಷ್ಟು ಗೆರೆ ಸರಿದರೆ ಮುಖವೇ ಕೆಡುತ್ತದೆ. ಅರಸರ ಮನೆಗೆ ದಂತ, ಆಮೆಚಿಪ್ಪುಗಳ ಮೇಲೆ ಬರೆದ ದರ್ಬಾರ್ ಕಲಂ, ಪೇಟೆಯ ಜನಕ್ಕೆ ಬಟ್ಟೆ ಕಾಗದಗಳ ಮೇಲೆ ಬರೆದ ಬಜಾರ್ ಕಲಂ ಎಂದು ಗಂಜೀಫಾದಲ್ಲಿ ಎರಡು ದರ್ಜೆಗಳಿದ್ದವು. ಕೆಲಸದ ಸೂಕ್ಷ್ಮತೆ ಬೇರೆಯಾದರೂ ಸವಾರನ ಭಂಗಿ ಎರಡರಲ್ಲೂ ಒಂದೇ ಪರಂಪರೆಯದು.

ಇದೇ ಕಾಲದಲ್ಲಿ ಸಾವಿರಾರು ಮೈಲಿ ದೂರದ ಜರ್ಮನಿಯಲ್ಲಿಯೂ ಕಿರುಸೇನೆಗಳು ಸಿದ್ಧವಾಗುತ್ತಿದ್ದವು. ನ್ಯೂರೆಂಬರ್ಗ್ ನಗರದಲ್ಲಿ 1839ರಲ್ಲಿ ಆರಂಭವಾದ ಹೈನ್‌ರಿಕ್ಸನ್ ಸಂಸ್ಥೆ ತವರದ ಚಪ್ಪಟೆ ಗೊಂಬೆಗಳನ್ನು ಎರಕ ಹೊಯ್ದು, ಬಣ್ಣ ಹಚ್ಚಿಸಿ, ನೈಟ್‌ಗಳ ಮತ್ತು ಸೈನಿಕರ ದಂಡುಗಳನ್ನು ಮಾರುತ್ತಿತ್ತು. ಆ ಗೊಂಬೆಗಳ ಎತ್ತರ ಮೂರು ಸೆಂಟಿಮೀಟರಿನಷ್ಟು. ಇಂದು ಜಗತ್ತಿನ ನಾನಾ ಕಡೆ ಜನರು ಬಿಡುವಿನ ವೇಳೆಯಲ್ಲಿ ಮಧ್ಯಯುಗದ ನೈಟ್‌ಗಳ ಪುಟ್ಟ ಮೂರ್ತಿಗಳಿಗೆ ಬಣ್ಣ ಹಚ್ಚುವ ಹವ್ಯಾಸಕ್ಕೆ ಅದೂ ಒಂದು ಮೂಲ. ಅಲ್ಲಿ ಒಂದೇ ಅಚ್ಚಿನಿಂದ ನೂರು ಸವಾರರು. ಮೈಸೂರಿನಲ್ಲಿ ಪ್ರತಿ ಸವಾರನೂ ಒಂದು ಕೈಯ ಹೊಸ ಬರಹ. ಜರ್ಮನಿಯ ಗೊಂಬೆ ಪೇಟೆಗೆ ಬಂದು ಉಳಿಯಿತು, ಮೈಸೂರಿನ ಛದ ಅರಮನೆಯ ಹೊಸಿಲು ದಾಟಲಿಲ್ಲ. ಆಟದ ನಿಯಮ ಅಷ್ಟು ಜಟಿಲ, ಕಟ್ಟು ಅಷ್ಟು ದುಬಾರಿ.

ಅರವತ್ತನಾಲ್ಕು ಮನೆಯ ಕುದುರೆ

ಕೃಷ್ಣರಾಜರ ಇನ್ನೊಂದು ಪ್ರೀತಿ ಚದುರಂಗ. ಅದರಲ್ಲಿಯೂ ಅವರನ್ನು ಹಿಡಿದಿಟ್ಟದ್ದು ಕುದುರೆಯೇ. ಚದುರಂಗದ ಕುದುರೆ ನೇರವಾಗಿ ನಡೆಯುವುದಿಲ್ಲ. ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಹಾಗೆ ಹಾರುತ್ತ, ಯಾವ ಮನೆಗೂ ಎರಡನೆಯ ಸಲ ಕಾಲಿಡದೆ, 64 ಮನೆಗಳನ್ನೂ ಸುತ್ತಿ ಬರುವುದು ಒಂದು ಹಳೆಯ ಸಮಸ್ಯೆ. ಕಾಶ್ಮೀರದ ಆಲಂಕಾರಿಕ ರುದ್ರಟನು 9ನೆಯ ಶತಮಾನದಲ್ಲಿಯೇ ತನ್ನ ಕಾವ್ಯಾಲಂಕಾರದಲ್ಲಿ ತುರಗಪದವೆಂಬ ಚಿತ್ರಬಂಧವಾಗಿ ಇದನ್ನು ಬಳಸಿದ್ದನು.

ಕೃಷ್ಣರಾಜರು ಇಂಥ ಕುದುರೆ ನಡೆಗಳನ್ನು ಸ್ವತಃ ರಚಿಸಿದರು. ಕುದುರೆ ಕಾಲಿಟ್ಟ ಕ್ರಮದಲ್ಲಿ ಮನೆಗಳಿಗೆ ಅಂಕೆ ಬರೆದರೆ, ಸಾಲುಗಳ ಮೊತ್ತ ಒಂದೇ ಆಗಿ ಬರುವಂಥ ಮಾಯಾಚೌಕಗಳನ್ನೂ ಅವರು ಹೆಣೆದರು. ಚದುರಂಗದ ಗಣಿತವನ್ನು ಬರೆಯುವ ಪಾಶ್ಚಾತ್ಯ ಲೇಖಕರು ಮೈಸೂರಿನ ರಾಜನ ಹೆಸರನ್ನು ಇಂದಿಗೂ ಈ ಕಾರಣಕ್ಕಾಗಿ ಉಲ್ಲೇಖಿಸುತ್ತಾರೆ. ದಾರಿ ಮುಚ್ಚಿದಂತೆ ಕಂಡಾಗಲೂ ಎಡವದೆ, ಹಿಂದಿನ ಹೆಜ್ಜೆಯನ್ನು ತುಳಿಯದೆ, ಕೊನೆಯ ಮನೆಯನ್ನು ಮುಟ್ಟುವ ಈ ಆಟಕ್ಕೂ ಅವರ ರಾಜಕೀಯ ಬದುಕಿಗೂ ಹೋಲಿಕೆ ಕಂಡರೆ ಅದು ಆಕಸ್ಮಿಕವಿರಬಹುದು. ಆದರೂ ಹೋಲಿಕೆ ಇದೆ.

1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳಲ್ಲಿ ಈ ಆಸಕ್ತಿಗಳೆಲ್ಲ ಒಂದೆಡೆ ಸೇರಿವೆ. ಯದುವಂಶದ ಅರಸರನ್ನು ಕಮಲದ ದಳಗಳಲ್ಲಿ ಕೂರಿಸಿದ ವಂಶವೃಕ್ಷ, ಆಟಗಳ ಚಿತ್ರಗಳು, ಆನೆ ಕುದುರೆ ಕಾಲಾಳುಗಳು ಸಾಲಾಗಿ ಸಾಗುವ ದಸರಾ ಮೆರವಣಿಗೆ ಅಲ್ಲಿವೆ. ಮೆರವಣಿಗೆಯ ಆ ಚಿತ್ರದಲ್ಲಿ ಸವಾರರು ಮತ್ತೆ ಪುಟ್ಟ ರೂಪಗಳೇ. ವರ್ಷಕ್ಕೊಮ್ಮೆ ಬೀದಿಯಲ್ಲಿ ಸಾಗಿ ಮರೆಯಾಗುತ್ತಿದ್ದ ವೈಭವ ಗೋಡೆಯ ಮೇಲೆ ನಿಂತಿತು.

ಮೂವತ್ತೇಳು ವರ್ಷದ ಆಟ

ಚಿತ್ರ, ಸಂಗೀತ, ಸಾಹಿತ್ಯಗಳ ನಡುವೆಯೂ ಅರಸರು ರಾಜ್ಯದ ಮಾತನ್ನು ಬಿಟ್ಟಿರಲಿಲ್ಲ. ಗವರ್ನರ್ ಜನರಲ್‌ಗಳು ಬದಲಾದಂತೆ ಮನವಿಪತ್ರಗಳು ಹೋಗುತ್ತಲೇ ಇದ್ದವು. ಡಾಲ್‌ಹೌಸಿಯ ಕಾಲದಲ್ಲಿ ಅಪಾಯ ಇನ್ನಷ್ಟು ಹತ್ತಿರ ಬಂದಿತು. ಔರಸ ಪುತ್ರರಿಲ್ಲದ ಅರಸರ ರಾಜ್ಯಗಳನ್ನು ಕಂಪನಿ ತನ್ನದಾಗಿಸಿಕೊಳ್ಳುತ್ತಿದ್ದ ದಿನಗಳವು. ಸಾತಾರಾ, ಝಾನ್ಸಿ, ನಾಗಪುರ ಒಂದೊಂದಾಗಿ ಹೋದವು. ಕೃಷ್ಣರಾಜರಿಗೂ ವಾರಸುದಾರನಾದ ಮಗನಿರಲಿಲ್ಲ. ಅವರು ಕಣ್ಣುಮುಚ್ಚಿದರೆ ಮೈಸೂರೂ ಬ್ರಿಟಿಷರದಾಗುತ್ತದೆ ಎಂದು ಕಲ್ಕತ್ತೆಯಲ್ಲಿ ಎಣಿಸಲಾಗಿತ್ತು.

1857ರ ಬಂಡಾಯದಲ್ಲಿ ಮೈಸೂರು ಶಾಂತವಾಗಿತ್ತು; ಅರಸರು ಬ್ರಿಟಿಷರಿಗೆ ನೆರವಾಗಿ ನಿಂತರು. ಆ ನಿಷ್ಠೆಯನ್ನು ಮುಂದಿಟ್ಟು 1861ರಲ್ಲಿ ಕ್ಯಾನಿಂಗ್‌ಗೆ ರಾಜ್ಯವನ್ನು ಹಿಂದಿರುಗಿಸುವಂತೆ ಬರೆದರು. 1862ರಲ್ಲಿ ನಿರಾಕರಣೆ ಬಂದಿತು. ಅವರು ಸುಮ್ಮನಾಗಲಿಲ್ಲ. 1865ರ ಜೂನ್‌ನಲ್ಲಿ, ಬ್ರಿಟಿಷರ ಒಪ್ಪಿಗೆಗೆ ಕಾಯದೆ, ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಎಪ್ಪತ್ತರ ಅರಸರು ಇಟ್ಟ ಅತ್ಯಂತ ದಿಟ್ಟ ಹೆಜ್ಜೆ ಇದು. ಅದೇ ವರ್ಷ ಇವಾನ್ಸ್ ಬೆಲ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರಿನ ಹಕ್ಕನ್ನು ಸಮರ್ಥಿಸಿ ಪುಸ್ತಕ ಬರೆದನು. ಚರ್ಚೆ ಲಂಡನ್ನಿನವರೆಗೆ ಮುಟ್ಟಿತು. 1867ರ ಏಪ್ರಿಲ್‌ನಲ್ಲಿ ಭಾರತ ಸಚಿವ ಸ್ಟಾಫರ್ಡ್ ನಾರ್ತ್‌ಕೋಟ್ ದತ್ತುಸ್ವೀಕಾರವನ್ನು ಮಾನ್ಯ ಮಾಡಿ ಆದೇಶ ಕಳಿಸಿದನು. ಮೈಸೂರು ಬ್ರಿಟಿಷ್ ಇಂಡಿಯಾದೊಳಗೆ ಕರಗಿಹೋಗುವುದು ತಪ್ಪಿತು.

1868ರ ಮಾರ್ಚ್ 27ರಂದು, 73ನೆಯ ವಯಸ್ಸಿನಲ್ಲಿ, ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ನಿಧನರಾದರು. ರಾಜ್ಯ ಹಿಂದಿರುಗಿದ್ದನ್ನು ಅವರು ಕಾಣಲಿಲ್ಲ. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಮರಳಿತು. ಮುಂದೆ ಮೈಸೂರು ಮಾದರಿ ಸಂಸ್ಥಾನವೆಂದು ಹೆಸರು ಪಡೆದದ್ದು, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಅವರಂಥ ದಿವಾನರು ಕೆಲಸ ಮಾಡಿದ್ದು, 1956ರಲ್ಲಿ ಕನ್ನಡ ನಾಡು ಒಂದಾದಾಗ ಅದಕ್ಕೊಂದು ಬಲವಾದ ತಿರುಳು ದೊರೆತದ್ದು, ಎಲ್ಲದರ ಹಿಂದೆ ಆ ದತ್ತುಸ್ವೀಕಾರದ ಹೆಜ್ಜೆಯಿದೆ.

ಉಳಿದ ಎಲೆಗಳು

ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಚ್ಚಾದ ಇಸ್ಪೀಟು ಎಲೆಗಳು ಅಗ್ಗದ ಬೆಲೆಗೆ ಸಿಗತೊಡಗಿದ ಮೇಲೆ ಕೈಯಲ್ಲಿ ಬರೆದ ಗಂಜೀಫಾ ಭಾರತದಾದ್ಯಂತ ಹಿಂದೆ ಸರಿಯಿತು. ಒಡಿಶಾ, ಬಂಗಾಳದ ಬಿಷ್ಣುಪುರ, ಮಹಾರಾಷ್ಟ್ರದ ಸಾವಂತವಾಡಿಗಳಲ್ಲಿ ಕೆಲವು ಮನೆಗಳು ಮಾತ್ರ ಆ ಕಸುಬನ್ನು ಉಳಿಸಿಕೊಂಡವು. 1933ರಲ್ಲಿ ಜರ್ಮನಿಯಿಂದ ಮುಂಬಯಿಗೆ ಬಂದು ನೆಲೆಸಿದ್ದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್ ಈ ಎಲೆಗಳನ್ನು ಸಂಗ್ರಹಿಸಿ, ಮೈಸೂರಿನ ಛದಗಳ ಕುರಿತು ಶ್ರದ್ಧೆಯಿಂದ ಬರೆದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಭಾರತೀಯ ಗಂಜೀಫಾದ ಪ್ರದರ್ಶನ ನಡೆಯಿತು. ಕರ್ನಾಟಕದಲ್ಲಿ ಗಂಜೀಫಾ ರಘುಪತಿ ಭಟ್ಟರು ಈ ಕಲೆಗೆ ಮತ್ತೆ ಜೀವ ತುಂಬಿದರು. 2000ರ ದಶಕದಲ್ಲಿ ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದ ದೋಷಗಳನ್ನು ಕಲೆಯ ಹೆಸರಿನಲ್ಲಿ ಮರೆಸಬೇಕಾಗಿಲ್ಲ. ನಗರದ ರೈತರ ಸಂಕಟ ನಿಜವಾಗಿತ್ತು, ಬೊಕ್ಕಸದ ಸಾಲವೂ ನಿಜವಾಗಿತ್ತು. ಆದರೆ ಅಧಿಕಾರ ಕಳೆದುಕೊಂಡ ಅರಸರಲ್ಲಿ ಅನೇಕರು ಪಿಂಚಣಿಯಲ್ಲಿ ಕಾಲ ತಳ್ಳಿ ಮರೆಯಾದ ಯುಗದಲ್ಲಿ ಇವರು ತಮ್ಮ ಆಸ್ಥಾನವನ್ನು ಕಿರುದಾಗಿಸಿಯಾದರೂ ಸಮಗ್ರವಾಗಿ ಉಳಿಸಿಕೊಂಡರು. ಚಿತ್ರಗಾರನಿಗೆ ಕೆಲಸ ಸಿಕ್ಕಿತು, ಪಂಡಿತನಿಗೆ ಗ್ರಂಥ ಸಿಕ್ಕಿತು, ವೈಣಿಕನಿಗೆ ಸಭೆ ಸಿಕ್ಕಿತು. ರಾಜ್ಯ ಮರಳಿ ಬಂದ ದಿನ ಮೈಸೂರಿಗೆ ಒಂದು ಸಂಸ್ಕೃತಿ ಸಿದ್ಧವಾಗಿತ್ತು. ಒಪ್ಪಂದದಂತೆ ಸಾಕಬೇಕಾಗಿದ್ದ ನಾಲ್ಕು ಸಾವಿರ ಕುದುರೆಗಳ ಕಾಲ ಎಂದೋ ಮುಗಿದಿದೆ. ಅಂಗೈಯಗಲದ ಎಲೆಯ ಮೇಲೆ ಕುದುರೆಯೇರಿದ ಸವಾರ ಮಾತ್ರ ಬಣ್ಣ ಮಾಸದೆ ನಿಂತಿದ್ದಾನೆ.